ಎದುರುಬದುರು ನಿಂತ ಗೆಳತಿಯರು

ಅಮರಮ್ಮ ಗದ್ದೆಯಲ್ಲಿ ಕಳೆ ತೆಗೆದು ಬಂದು, ಹಿತ್ತಲಿನ ಕಲ್ಲಿನ ಮೇಲೆ ನಿಂತು ಕಾಲಿನ ಕೆಸರು ತೊಳೆಯುತ್ತಿದ್ದಳು. ಒಳಗೆ ಫೋನು ಬಡಿದುಕೊಳ್ಳತೊಡಗಿತು. ಮಗಳು ರೂಪಾ ಇರಬೇಕೆಂದು ಒದ್ದೆಗಾಲಲ್ಲೇ ಓಡಿ ಎತ್ತಿಕೊಂಡಳು. ಮಗಳಲ್ಲ, ಮಸ್ಕಿಯ ಜಮೀಲಾಬೀ. ಎರಡು ವರ್ಷದಿಂದ ಆ ದನಿ ಕೇಳಿರಲಿಲ್ಲ. ಆದರೂ "ಅಮರಮ್ಮಕ್ಕಾ" ಎಂದ ಕೂಡಲೇ ಗುರುತು ಸಿಕ್ಕಿತು.

ನಾಳೆಯ ಮ್ಯಾಚ್ ಎಲ್ಲಿ ನೋಡುತ್ತೀ ಎಂದು ಜಮೀಲಾಬೀ ಕೇಳಿದಳು. ಜವಳಗೇರಾದಲ್ಲಿ ಕರೆಂಟು ಇದ್ದರೆ ಮನೆಯಲ್ಲೇ, ಇಲ್ಲದಿದ್ದರೆ ಗಂಡನ ಫೋನಿನಲ್ಲಿ ಎಂದಳು ಅಮರಮ್ಮ.

"ನಮ್ಮ ಮನಿಗೆ ಬಾ ಅಕ್ಕಾ," ಎಂದಳು ಜಮೀಲಾಬೀ. "ಇಬ್ರೂ ನಮ್ಮ ಕೈಯಾಗ ಉಂಡು ಬೆಳದ ಹುಡುಗ್ಯಾರು. ನೀ ಅಲ್ಲಿ, ನಾ ಇಲ್ಲಿ ಕುಂತು ನೋಡೋದು ಚಂದ ಅಲ್ಲ."

ಅಮರಮ್ಮ ಆಗಲಿ ಎಂದಳು. ಫೋನಿಟ್ಟ ಮೇಲೆ ಅದೇ ದೊಡ್ಡ ಯೋಚನೆಯಾಯಿತು. ಟ್ರ್ಯಾಕ್ಟರ್ ತೊಳೆದು ಒಳಗೆ ಬಂದ ಗಂಡ ರಾಮಣ್ಣನಿಗೆ ಹೇಳಿದಳು. ಅವನು, ಹೋಗು, ಆದರೆ ಗೆದ್ದರೂ ಸೋತರೂ ಅವರ ಮನೆಯಲ್ಲಿ ಹುಷಾರಾಗಿ ಕೂತು ಬಾ ಎಂದ. ಮರುದಿನ ಅವನು ದಢೇಸುಗೂರಿಗೆ ಭತ್ತದ ಲೋಡು ಒಯ್ಯಬೇಕಿತ್ತು. ಅಲ್ಲೇ ಎಲ್ಲಾದರೂ ನಿಂತು ನೋಡುತ್ತೇನೆಂದ.

ಭುವನೇಶ್ವರದಲ್ಲಿ ದೇಶದ ಹೆಣ್ಣುಮಕ್ಕಳ ಫುಟ್‌ಬಾಲ್ ಕಪ್ಪಿನ ಫೈನಲ್. ಬೆಂಗಳೂರಿನ ಕ್ಲಬ್ಬಿಗೆ ಗೋಲ್‌ಕೀಪರ್ ಆಗಿ ನಿಲ್ಲುವವಳು ರೂಪಾ. ಎದುರಿನ ಕೇರಳದ ಕ್ಲಬ್ಬಿನಲ್ಲಿ ಗೋಲು ಹೊಡೆಯುವವಳು ಜಮೀಲಾಬೀಯ ಮಗಳು ವಸೀಮಾ.

ಈ ಇಬ್ಬರಿಗೂ ಆಟ ಕಲಿಸಿದವರು ಸಂಗಮ್ಮ ಟೀಚರ್. ಅವರ ಮನೆ ಲಿಂಗಸುಗೂರಿನಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಸಿಂಧನೂರಿಗೆ ಬಂದು, ಕಾಲೇಜು ಮೈದಾನದಲ್ಲಿ ಸುತ್ತಲ ಊರುಗಳ ಹುಡುಗಿಯರನ್ನು ಕೂಡಿಸಿ ಆಡಿಸುತ್ತಿದ್ದರು. ರೂಪಾ ಜವಳಗೇರಾದಿಂದ, ವಸೀಮಾ ಮಸ್ಕಿಯಿಂದ ಬರುತ್ತಿದ್ದರು. ಗೋಲಿನ ಕಂಬಗಳನ್ನು ವಸೀಮಾಳ ಅಪ್ಪ ಉಸ್ಮಾನ್‌ಸಾಬ್ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ಹಳೇ ಪೈಪು ಸೇರಿಸಿ ಮಾಡಿಕೊಟ್ಟಿದ್ದ. ನೆಲ ಬಿರುಸು, ಬಿದ್ದು ಬಿದ್ದು ರೂಪಾಳ ಮೊಣಕೈ ಕಿತ್ತುಹೋಗುತ್ತಿತ್ತು. ಟೀಚರ್ ರೈಸ್‌ಮಿಲ್ಲಿನವರನ್ನು ಕೇಳಿ ಭತ್ತದ ಹೊಟ್ಟಿನ ಚೀಲಗಳನ್ನು ತರಿಸಿ ಗೋಲಿನ ಮುಂದೆ ಸುರುವಿದರು. ಆ ಹೊಟ್ಟಿನ ಮೇಲೆ ರೂಪಾ ಹಾರಿ ಬೀಳುವುದನ್ನು ಕಲಿತಳು. ವಸೀಮಾ ಒದೆಯುವುದು, ರೂಪಾ ಹಿಡಿಯುವುದು. ಬಿಸಿಲು ನೆತ್ತಿಗೆ ಬಂದರೂ ಇಬ್ಬರಿಗೂ ಸಾಕಾಗುತ್ತಿರಲಿಲ್ಲ. ಮಧ್ಯಾಹ್ನದ ಊಟ ಒಂದು ವಾರ ಈ ಮನೆ, ಇನ್ನೊಂದು ವಾರ ಆ ಮನೆ. ಮಕ್ಕಳ ಹಿಂದೆ ಓಡಾಡುತ್ತ ತಾಯಂದಿರೂ ಗೆಳತಿಯರಾದರು.

ಎರಡು ವರ್ಷದ ಹಿಂದೆ ಬೆಂಗಳೂರಿನ ಕ್ಲಬ್ಬಿನಿಂದ ಇಬ್ಬರಿಗೂ ಒಟ್ಟಿಗೇ ಕರೆ ಬಂತು. ಕ್ಯಾಂಪಿನಲ್ಲಿ ವಸೀಮಾಳ ಬಲಮಂಡಿ ಊದಿಕೊಂಡಿತು. ಅವಳು ಅದಕ್ಕೆ ಬಟ್ಟೆ ಸುತ್ತಿ, ಮೇಲೆ ಉದ್ದನೆಯ ಸಾಕ್ಸು ಏರಿಸಿ, ಯಾರಿಗೂ ಕಾಣದಂತೆ ಓಡುತ್ತಿದ್ದಳು. ಒಂದೇ ಕೋಣೆಯಲ್ಲಿದ್ದ ರೂಪಾಳಿಗೆ ಮಾತ್ರ ಗೊತ್ತಿತ್ತು. ಕೆಲವು ದಿನ ಸುಮ್ಮನಿದ್ದಳು. ಒಂದು ಬೆಳಿಗ್ಗೆ ಗೆಳತಿ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡಿ ಮನಸ್ಸು ತಡೆಯದೆ ತಂಡದ ಡಾಕ್ಟರಿಗೆ ಹೇಳಿಬಿಟ್ಟಳು. ಡಾಕ್ಟರು ನೋಡಿ, ಒಳಗೆ ಮಂಡಿಯ ಲಿಗಮೆಂಟು ಹರಿದಿದೆ ಎಂದರು. ಕ್ಲಬ್ಬಿನವರು ವಸೀಮಾಳನ್ನು ಊರಿಗೆ ಕಳಿಸಿದರು.

ರಾಯಚೂರಿನಲ್ಲಿ ಆಪರೇಷನ್ ಆಯಿತು. ಇನ್ನೂ ಆಡಿದ್ದರೆ ಕಾಲೇ ನೆಟ್ಟಗಾಗುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರೂ ಹೇಳಿದರು. ಆದರೂ ವಸೀಮಾ ರೂಪಾಳ ಫೋನು ಎತ್ತಲಿಲ್ಲ. ಮಂಡಿ ನನ್ನದು, ಹೇಳುವುದೂ ನನಗೆ ಬಿಟ್ಟದ್ದು, ನಡುವೆ ಅವಳು ಯಾರು ಎಂಬುದೊಂದೇ ಅವಳ ಮಾತು. ವರ್ಷ ಕಳೆಯುವಷ್ಟರಲ್ಲಿ ಮತ್ತೆ ಓಡತೊಡಗಿದಳು. ಆಮೇಲೆ ಕೇರಳದ ಕ್ಲಬ್ಬಿನವರು ಅವಳ ಆಟ ನೋಡಿ ಕರೆದುಕೊಂಡು ಹೋದರು. ಮಕ್ಕಳ ನಡುವೆ ಮಾತು ನಿಂತಿದ್ದಕ್ಕೆ ತಾಯಂದಿರ ಮಾತೂ ನಿಂತಿತ್ತು. ಯಾರೂ ಜಗಳವಾಡಿರಲಿಲ್ಲ. ಸುಮ್ಮನೆ ನಿಂತುಹೋಗಿತ್ತು, ಅಷ್ಟೆ.

ಮ್ಯಾಚಿನ ದಿನ, ಭಾನುವಾರ, ಅಮರಮ್ಮ ಸಿಂಧನೂರಿನಲ್ಲಿ ಬಸ್ಸು ಬದಲಿಸಿ ಮಸ್ಕಿಗೆ ಹೋದಳು. ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಜನ್ ಬಾಳೆಹಣ್ಣು ಕಟ್ಟಿಸಿಕೊಂಡಳು. ಲಿಂಗಸುಗೂರಿನಿಂದ ಬಂದಿದ್ದ ಸಂಗಮ್ಮ ಟೀಚರ್ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕರು. ಅವರನ್ನೂ ಜಮೀಲಾಬೀಯೇ ಕರೆದಿದ್ದಳು. ಟೀಚರ್ ಜೊತೆಗಿದ್ದುದರಿಂದ ಅಮರಮ್ಮನಿಗೆ ಹೊಸಿಲು ದಾಟುವುದು ಸುಲಭವಾಯಿತು.

ಮನೆಯಲ್ಲಿ ಚಾಪೆ ಹಾಸಿತ್ತು. ಮಂಡಕ್ಕಿ ನೆನೆಸಿ ಮಾಡಿದ ಮಂಡಾಳು ಒಗ್ಗರಣೆ, ಮಿರ್ಚಿ ಭಜಿ, ಚಹಾ ಎಲ್ಲ ತಯಾರಿದ್ದವು. ಉಸ್ಮಾನ್‌ಸಾಬ್ ಅಂಗಡಿ ಮುಚ್ಚಿ ಬಂದು ಟಿವಿಯ ಪಕ್ಕದಲ್ಲಿ ಕೂತಿದ್ದ. ಜಮೀಲಾಬೀ ಅಮರಮ್ಮನ ಕೈ ಹಿಡಿದು ಒಳಗೆ ಕರೆದಳು. ಬಸ್ಸಿನಲ್ಲಿ ಜನ ಇತ್ತೇನು, ಬಿಸಿಲು ಜಾಸ್ತಿಯಾಗಿದೆ ಎಂಬಂಥ ಮಾತುಗಳು ಮುಗಿದವು. ಅಷ್ಟರಲ್ಲಿ ಮ್ಯಾಚ್ ಶುರುವಾಯಿತು.

ಬೆಂಗಳೂರಿನವರದು ಕೆಂಪು ಅಂಗಿ, ಕೇರಳದವರದು ಹಳದಿ. ರೂಪಾ ಒಬ್ಬಳೇ ಹಸಿರು ಅಂಗಿ ತೊಟ್ಟು ಗೋಲಿನ ಮುಂದೆ ನಿಂತಿದ್ದಳು. ಆಟದ ನಿಯಮ ಅಮರಮ್ಮನಿಗೆ ಪೂರ್ತಿ ತಿಳಿಯದು. ಚೆಂಡು ಮಗಳ ಕಡೆ ಬಂದಾಗ ಉಸಿರು ಹಿಡಿಯುವುದು, ಆ ಕಡೆ ಹೋದಾಗ ಬಿಡುವುದು, ಇಷ್ಟೇ ಅವಳ ಲೆಕ್ಕ. ಮೊದಲ ಅರ್ಧದಲ್ಲಿ ಕೆಂಪಂಗಿಯವರು ಒಂದು ಗೋಲು ಹೊಡೆದರು. ಅಮರಮ್ಮ ಎರಡೂ ಕೈ ಎತ್ತಿಬಿಟ್ಟಿದ್ದಳು. ಚಪ್ಪಾಳೆಯಾಗುವ ಮೊದಲೇ ಜಮೀಲಾಬೀಯ ಮುಖ ನೋಡಿ ಮಡಿಲಿಗೆ ಇಳಿಸಿದಳು.

ಎರಡನೇ ಅರ್ಧದಲ್ಲಿ ವಸೀಮಾ ಚೆಂಡಿನ ಹಿಂದೆ ಓಡುತ್ತ ಒಬ್ಬಳಿಗೆ ಡಿಕ್ಕಿಯಾಗಿ ಬಿದ್ದಳು. ಕೂಡಲೇ ಎದ್ದಳು. ಕೈಯಾಡಿಸಿ ಏನೂ ಇಲ್ಲ ಎಂದು ತೋರಿಸಿ ಮತ್ತೆ ಓಡಿದಳು. ಟಿವಿಯಲ್ಲಿ ಮಾತಾಡುವವರು ಅದರ ಬಗ್ಗೆ ಏನೂ ಹೇಳಲಿಲ್ಲ. ಆದರೆ ಜಮೀಲಾಬೀ ಮುಂದಕ್ಕೆ ಬಾಗಿ ಕೂತಳು.

ಮ್ಯಾಚ್ ಮುಗಿಯುತ್ತ ಬಂದಾಗ ಕೆಂಪಂಗಿಯ ಹುಡುಗಿಯೊಬ್ಬಳ ಕೈಗೆ ತಮ್ಮ ಗೋಲಿನ ಹತ್ತಿರವೇ ಚೆಂಡು ತಾಗಿತು. ರೆಫರಿ ಸೀಟಿ ಊದಿದರು. ಕೇರಳದವರಿಗೆ ಪೆನಾಲ್ಟಿ ಎಂದರು ಸಂಗಮ್ಮ ಟೀಚರ್. ನಡುವೆ ಯಾರೂ ನಿಲ್ಲುವಂತಿಲ್ಲ, ಒದೆಯುವವಳು ಒಬ್ಬಳು, ತಡೆಯುವವಳು ಒಬ್ಬಳು ಎಂದು ಬಿಡಿಸಿ ಹೇಳಿದರು. ಹಳದಿ ಅಂಗಿಯವರು ಚೆಂಡನ್ನು ವಸೀಮಾಳ ಕೈಗೆ ಕೊಟ್ಟರು.

ವಸೀಮಾ ಚೆಂಡನ್ನು ನೆಲಕ್ಕಿಟ್ಟಳು. ಆಗ ರೂಪಾ ಗೋಲು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು ಏನೋ ಕೇಳಿದಳು. ವಸೀಮಾ ತಲೆ ಎತ್ತದೆ ಏನೋ ಹೇಳಿದಳು. ರೆಫರಿ ರೂಪಾಳನ್ನು ಹಿಂದಕ್ಕೆ ಕಳಿಸಿದರು.

"ಮಾತಾಡಿದ್ರು," ಎಂದಳು ಜಮೀಲಾಬೀ ಮೆಲ್ಲಗೆ.

ಏನು ಮಾತಾಡಿರಬಹುದೆಂದು ಉಸ್ಮಾನ್‌ಸಾಬ್ ಟೀಚರನ್ನು ಕೇಳಿದ. ಗಮನ ಕೆಡಿಸುವುದಕ್ಕೆ ಕೀಪರ್‌ಗಳು ಏನಾದರೂ ಅನ್ನುತ್ತಾರೆ ಎಂದರು ಟೀಚರ್. ತನ್ನ ಮಗಳು ಅಂಥವಳಲ್ಲ ಎಂದುಕೊಂಡಳು ಅಮರಮ್ಮ.

ವಸೀಮಾ ಓಡಿ ಬಂದು ಒದ್ದಳು. ರೂಪಾ ಎಡಕ್ಕೆ ಹಾರಿದಳು, ಚೆಂಡು ಬಲಕ್ಕೆ ಹೋಗಿ ಬಲೆಗೆ ಬಿತ್ತು. ಹೊರಗೆ ಬೀದಿಯಲ್ಲಿ ಯಾರೋ ಪಟಾಕಿ ಹಚ್ಚಿದರು. ಮಸ್ಕಿಗೆ ಮಸ್ಕಿಯೇ ವಸೀಮಾಳ ಕಡೆ ಇತ್ತು. ಜಮೀಲಾಬೀ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಖುಷಿ ಪಡು ಬೀ," ಎಂದಳು ಅಮರಮ್ಮ. "ನಾ ಏನೂ ಅನ್ಕೊಳ್ಳಂಗಿಲ್ಲ. ಸಣ್ಣಾಕಿದ್ದಾಗಿಂದ ನೋಡೀನಿ ಆಕೀನ. ಎಷ್ಟು ಚಂದ ಹೊಡದಾಳ."

ಜಮೀಲಾಬೀ ನಕ್ಕಳು. ಆ ನಗುವಿನ ಜೊತೆಗೆ ಕಣ್ಣೂ ತುಂಬಿತು.

ಸಮಯ ಮುಗಿದಾಗ ಎರಡೂ ಕಡೆ ಒಂದೊಂದು ಗೋಲಾಗಿದ್ದರಿಂದ ಆಟ ಇನ್ನರ್ಧ ತಾಸು ಮುಂದುವರಿಯಿತು. ಅದು ಶುರುವಾದ ಸ್ವಲ್ಪ ಹೊತ್ತಿಗೆ, ಚೆಂಡು ಎಲ್ಲೋ ದೂರದಲ್ಲಿದ್ದಾಗ, ವಸೀಮಾ ಮೈದಾನದ ನಡುವೆ ನಿಂತಳು. ತನ್ನ ಕೋಚಿನ ಕಡೆ ತಿರುಗಿ ಕೈ ಎತ್ತಿದಳು. ಬಗ್ಗಿ ಬಲಮಂಡಿ ಮುಟ್ಟಿ ತೋರಿಸಿದಳು. ಅವಳ ಬದಲಿಗೆ ಬೇರೆ ಹುಡುಗಿ ಒಳಗೆ ಬಂದಳು. ವಸೀಮಾ ನಡೆದೇ ಹೊರಗೆ ಹೋಗಿ, ಬೆಂಚಿನ ಮೇಲೆ ಕೂತು ಮಂಡಿಗೆ ಐಸು ಹಿಡಿದಳು. ಕ್ಯಾಮೆರಾ ಕ್ಷಣ ಹೊತ್ತು ಅವಳ ಮುಖ ತೋರಿಸಿತು. ಅವಳು ಅಳುತ್ತಿರಲಿಲ್ಲ.

ಉಸ್ಮಾನ್‌ಸಾಬ್ ತಲೆ ಮೇಲೆ ಕೈ ಹೊತ್ತ. ಕಪ್ಪು ಕೈಗೆ ಸಿಗುವ ಹೊತ್ತಿನಲ್ಲಿ ಯಾಕೆ ಹೊರಗೆ ಕರೆದರು ಎಂದು ಕೋಚನ್ನು ಬೈಯತೊಡಗಿದ.

"ಯಾರೂ ಕರದಿಲ್ಲ ಸಾಬ್ರ," ಎಂದರು ಸಂಗಮ್ಮ ಟೀಚರ್. "ತಾನ ಕೇಳಿಕೊಂಡು ಬಂದಾಳ."

ಜಮೀಲಾಬೀ ಎದ್ದು ಅಡುಗೆಮನೆಗೆ ಹೋದಳು. ಅಮರಮ್ಮ ಹಿಂದೆಯೇ ಹೋದಳು. ಜಮೀಲಾಬೀ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಅಮರಮ್ಮ ಏನಾದರೂ ಹೇಳುವ ಮೊದಲೇ ಅವಳೇ ಮಾತಾಡಿದಳು.

"ಸಂಕಟ ಆಗೈತಿ ಅಕ್ಕಾ, ಸುಳ್ಳು ಹೇಳಂಗಿಲ್ಲ. ಆದ್ರ ಹೋದ ಸಲ ಆಕೀನ ಬಸ್ಸಿನಿಂದ ಇಬ್ರು ಎತ್ತಿಕೊಂಡು ಇಳಿಸಿದ್ವಿ. ಇವತ್ತ ತನ್ನ ಕಾಲ ಮ್ಯಾಲ ತಾ ನಡಕೊಂಡು ಹೊರಗ ಬಂದಾಳ."

ಆಮೇಲೆ ಇನ್ನೂ ಹೇಳಿದಳು. ಆಪರೇಷನ್ ಆದ ದಿನವೇ ಅಮರಮ್ಮನಿಗೆ ಫೋನು ಮಾಡಬೇಕೆಂದಿದ್ದಳಂತೆ. ಡಾಕ್ಟರ್ ಹೇಳಿದ್ದನ್ನು ಕೇಳಿದ ಮೇಲೆ ರೂಪಾಳ ಮೇಲೆ ಸಿಟ್ಟೇ ಇರಲಿಲ್ಲವಂತೆ. ಮಗಳು ಮುನಿಸಿಕೊಂಡಿದ್ದಾಳೆಂದು ಇವತ್ತು ನಾಳೆ ಎನ್ನುತ್ತ ಹಾಗೇ ಉಳಿಯಿತಂತೆ. ತನಗೂ ಮಾಡಲು ಬರುತ್ತಿತ್ತಲ್ಲ, ತಾನೂ ಮಾಡಲಿಲ್ಲ ಎಂದಳು ಅಮರಮ್ಮ. ಇಬ್ಬರೂ ಅಲ್ಲೇ ನಿಂತು ಚಹಾ ಮಾಡಿ ಹೊರಗೆ ತಂದರು.

ಅಷ್ಟರಲ್ಲಿ ಆ ಅರ್ಧ ತಾಸೂ ಮುಗಿದು ಪೆನಾಲ್ಟಿಗಳ ಸರದಿ ಬಂದಿತ್ತು. ಎರಡೂ ಕಡೆಯಿಂದ ಒಬ್ಬೊಬ್ಬರಾಗಿ ಬಂದು ಒದೆಯಬೇಕು. ಕೇರಳದವರ ಎರಡನೇ ಚೆಂಡನ್ನು ರೂಪಾ ಬೆರಳ ತುದಿಯಿಂದ ಹೊರಗೆ ನೂಕಿದಳು. ಆಮೇಲೆ ಬೆಂಗಳೂರಿನ ಹುಡುಗಿಯೊಬ್ಬಳು ಕಂಬಕ್ಕೆ ಹೊಡೆದಳು. ಮತ್ತೆ ಸಮ. ಕಡೆಯ ಸರದಿಯಲ್ಲಿ ಬೆಂಗಳೂರಿನವಳು ಗೋಲು ಹೊಡೆದಳು. ಕೇರಳದ ಕೊನೆಯ ಹುಡುಗಿ ಚೆಂಡಿನ ಹಿಂದೆ ನಿಂತಾಗ ಅಮರಮ್ಮನಿಗೆ ನೋಡಲಾಗಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಮನಸ್ಸಿನಲ್ಲೇ ಹನುಮಪ್ಪನನ್ನು ನೆನೆದಳು. ಟಿವಿಯಲ್ಲಿ ದೊಡ್ಡ ಗದ್ದಲವೆದ್ದಿತು. ಯಾರ ಗದ್ದಲವೆಂದು ತಿಳಿಯಲಿಲ್ಲ. ಅವಳ ಭುಜ ಹಿಡಿದು ಯಾರೋ ಅಲುಗಿಸಿದರು.

"ಕಣ್ಣು ತಗಿ ಅಕ್ಕಾ," ಎಂದಳು ಜಮೀಲಾಬೀ. "ನಿನ್ನ ಮಗಳು ಹಿಡದಾಳ."

ಕೆಂಪಂಗಿಯವರು ರೂಪಾಳ ಮೇಲೆ ಬಿದ್ದು ಹೊರಳಾಡುತ್ತಿದ್ದರು. ಅವರ ನಡುವಿನಿಂದ ಅವಳು ಹೇಗೋ ಬಿಡಿಸಿಕೊಂಡು ಎದ್ದಳು. ಹಳದಿ ಅಂಗಿಯವರ ಬೆಂಚಿನ ಕಡೆ ನಡೆದಳು. ವಸೀಮಾ ಏಳಲಿಲ್ಲ, ಕೂತಲ್ಲೇ ಸ್ವಲ್ಪ ಸರಿದು ಜಾಗ ಕೊಟ್ಟಳು. ರೂಪಾ ಪಕ್ಕದಲ್ಲಿ ಕೂತಳು. ಅಷ್ಟು ತೋರಿಸಿ ಟಿವಿಯವರು ಬೇರೆ ಕಡೆ ಹೊರಳಿದರು.

ಬಹುಮಾನ ಕೊಟ್ಟು ಮುಗಿದ ಮೇಲೆ ವಸೀಮಾಳ ಫೋನು ಬಂತು. ಪರದೆಯ ಮೇಲೆ ಇಬ್ಬರ ಮುಖವೂ ಒತ್ತೊತ್ತಾಗಿ ಕಂಡಿತು. ಮಂಡಿ ಬರೇ ಊದಿದೆ, ಹಳೇ ಹೊಲಿಗೆ ಗಟ್ಟಿಯಿದೆ, ಡಾಕ್ಟರ್ ನೋಡಿದ್ದಾರೆ, ಸ್ವಲ್ಪ ದಿನ ಬಿಟ್ಟು ಮತ್ತೆ ಆಡಬಹುದಂತೆ ಎಂದು ವಸೀಮಾ ಮೊದಲು ಅದನ್ನೇ ಹೇಳಿದಳು. ಉಸ್ಮಾನ್‌ಸಾಬ್ ಆಗ ಸಮಾಧಾನದಿಂದ ಗೋಡೆಗೆ ಒರಗಿದ.

ಪೆನಾಲ್ಟಿಗೆ ಮುಂಚೆ ಏನು ಕೇಳಿದೆ ಎಂದು ಸಂಗಮ್ಮ ಟೀಚರ್ ರೂಪಾಳನ್ನು ಕೇಳಿದರು.

"ಮಂಡಿ ನೋಯಾಕತ್ತೈತೇನು ಅಂತ ಕೇಳಿದ್ನಿ ಟೀಚರ್. ಬಿದ್ದು ಎದ್ದಾಗಿಂದ ಆಕಿ ಓಡೋದು ನೋಡಿದ್ರ ನಂಗ ಗೊತ್ತಾಗಿತ್ತು."

"ನೀ ಏನಂದಿ?" ಎಂದು ಜಮೀಲಾಬೀ ಮಗಳನ್ನು ಕೇಳಿದಳು.

ವಸೀಮಾ ರೂಪಾಳ ಕಡೆ ಒಮ್ಮೆ ನೋಡಿದಳು. "ನೋಯಾಕತ್ತೈತಿ ಅಂದ್ನಿ. ನೀ ಯಾರ ಮುಂದೂ ಹೇಳಬ್ಯಾಡ, ಈ ಸಲ ನಾನ ಹೇಳ್ತೀನಿ ಅಂದ್ನಿ."

ಆ ಮೇಲೆ ಮಾತು ಊಟ, ಪ್ರಯಾಣದ ಕಡೆ ತಿರುಗಿತು. ಅಮರಮ್ಮನಿಗೆ ಕಡೆಯ ಬಸ್ಸು ತಪ್ಪಬಾರದಿತ್ತು. ಜಮೀಲಾಬೀ ಉಳಿದ ಮಿರ್ಚಿಯನ್ನು ರಾಮಣ್ಣನಿಗೆಂದು ಕಾಗದದಲ್ಲಿ ಕಟ್ಟಿಕೊಟ್ಟು, ಬಸ್‌ಸ್ಟ್ಯಾಂಡಿನವರೆಗೆ ಬಂದು ಸೀಟು ಹಿಡಿದುಕೊಟ್ಟಳು.

ಮುಂದಿನ ವಾರ ಹುಡುಗಿಯರಿಬ್ಬರಿಗೂ ರಜೆ ಸಿಕ್ಕಿತು. ಬೆಂಗಳೂರಿನಲ್ಲಿ ಕೂಡಿ, ಒಟ್ಟಿಗೇ ರೈಲು ಹತ್ತಿ ರಾಯಚೂರಿನಲ್ಲಿಳಿದು ಸಿಂಧನೂರಿನ ಬಸ್ಸು ಹಿಡಿದರು. ಆ ಬಸ್ಸು ಜವಳಗೇರಾ ದಾಟಿಯೇ ಬರುತ್ತದೆ. ರೂಪಾ ತನ್ನೂರಲ್ಲೇ ಇಳಿಯಬಹುದಿತ್ತು, ಇಳಿಯಲಿಲ್ಲ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಅಮರಮ್ಮ ಮತ್ತು ಜಮೀಲಾಬೀ ಹೂವಿನ ಹಾರ ಹಿಡಿದು ಕಾಯುತ್ತಿದ್ದರು. ಇಬ್ಬರಿಗೂ ಒಂದೇ ಅಳತೆಯ ಹಾರ ಕಟ್ಟಿಸಿದ್ದರು.

ಬಸ್ಸಿನಿಂದ ವಸೀಮಾ ಮೊದಲು ಇಳಿದಳು, ಹಿಂದೆ ಎರಡು ಬ್ಯಾಗು ಹೊತ್ತು ರೂಪಾ. ಇಬ್ಬರ ನಡುವೆ ಜೋರು ವಾದ ನಡೆದಿತ್ತು. ಕಡೆಯ ಪೆನಾಲ್ಟಿ ನಾನು ಹೊಡೆದಿದ್ದರೆ ನಿನ್ನ ಕೈಗೆ ಸಿಗುತ್ತಿರಲಿಲ್ಲ ಎಂದು ವಸೀಮಾ, ಒಮ್ಮೆ ಬಲಕ್ಕೆ ಹೊಡೆದವಳು ಮತ್ತೆ ಬಲಕ್ಕೇ ಹೊಡೆಯುತ್ತಿದ್ದೆ, ನಾನು ಹಿಡಿಯುತ್ತಿದ್ದೆ ಎಂದು ರೂಪಾ. ವಾದದ ಭರದಲ್ಲಿ ಹಾರ ಹಿಡಿದು ನಿಂತ ತಾಯಂದಿರನ್ನು ಇಬ್ಬರೂ ದಾಟಿಕೊಂಡೇ ಮುಂದೆ ಹೋದರು. ಅಮರಮ್ಮ ಜಮೀಲಾಬೀಯ ಮುಖ ನೋಡಿದಳು. ಕರೆಯಲೇನು ಎಂದು ಕೇಳಿದಳು.

"ಬಿಡು ಅಕ್ಕಾ, ಮಾತಾಡಲಿ," ಎಂದಳು ಜಮೀಲಾಬೀ.