ಬಾಗಿಲಿಗಿಂತ ದೊಡ್ಡ ಕಪಾಟು

"ತಲೆ ಕಡೆಯವರು ಸ್ವಲ್ಪ ಎತ್ತಿ, ಚೌಕಟ್ಟಿಗೆ ತಾಗುತ್ತೆ," ಎಂದ ಮೊಳೆಯಣ್ಣ.

ಹೊತ್ತವರು ಮಲಗುವ ಕೋಣೆಯ ಬಾಗಿಲಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿದು, ಭುಜ ಒಗ್ಗಿಸಿಕೊಂಡು, ಮತ್ತೆ ಮುಂದೆ ಬಂದರು. ಜೀವಮಾನವೆಲ್ಲ ಊರವರ ಮನೆಗಳಿಗೆ ಬಾಗಿಲು ಕೂರಿಸಿದ ಮೇಸ್ತ್ರಿ ತನ್ನ ಮನೆಯ ಬಾಗಿಲನ್ನು ಎಲ್ಲಿಯೂ ತಾಗದೆ ದಾಟಿದ.

ಮೊಳೆಯಣ್ಣ ಮೇಸ್ತ್ರಿಯ ಜೊತೆ ಮೊದಲಿನಿಂದ ಮರಗೆಲಸ ಮಾಡಿದವನು. ತುಟಿಯ ನಡುವೆ ಸದಾ ಮೊಳೆ ಕಚ್ಚಿಕೊಂಡಿರುತ್ತಿದ್ದುದಕ್ಕೆ ಆ ಹೆಸರು. ಅವನು ಕೋಣೆಯತ್ತ ಒಮ್ಮೆ ತಿರುಗಿ, ಗೋಡೆಯ ಉದ್ದಕ್ಕೂ ನಿಂತಿದ್ದ ಕಪಾಟನ್ನು ನೋಡಿ, "ಇವನೇನೋ ಹೊರಗೆ ಬಂದ. ಅದು ಬರಲ್ಲ," ಎಂದು ಗೊಣಗಿದ.

ಮೇಸ್ತ್ರಿಯ ತಂಗಿ ಕಣ್ಣೊರೆಸಿಕೊಳ್ಳುತ್ತಲೇ ಅವನನ್ನು ಗದರಿದಳು. "ಸಾವಿನ ಮನೇಲೂ ನಿನ್ನ ಬಾಯಿ ಸುಮ್ಮನಿರಲ್ವಲ್ಲ. ಇವತ್ತಾದ್ರೂ ಎರಡು ಮೊಳೆ ಕಚ್ಕೊಂಡಿರು."

ಮೇಸ್ತ್ರಿಯ ಹೆಂಡತಿಗೆ ಮೊಳೆಯಣ್ಣನ ಮಾತು ಕೇಳಿಸಿತು. ಸಿಟ್ಟು ಬರಲಿಲ್ಲ. ಅವಳೂ ಕಪಾಟನ್ನೇ ನೋಡುತ್ತಿದ್ದಳು.

ಆ ಕಟ್ಟಡವನ್ನು ಕೆಡವುವುದಿತ್ತು. ಕೆಳಗಿನ ಮನೆಗಳವರೆಲ್ಲ ಆಗಲೇ ಖಾಲಿ ಮಾಡಿ ಹೋಗಿದ್ದರು. ಇವರ ಸಾಮಾನು ಸಾಗಿಸುವ ಲಾರಿ ಮರುದಿನ ಬೆಳಿಗ್ಗೆ ಬರಬೇಕು, ಅದರ ಬೆನ್ನಿಗೇ ಗೋಡೆ ಒಡೆಯುವ ಯಂತ್ರ. ಸುದ್ದಿ ತಿಳಿಸಲು ಅಳಿಯ ಮಾಲೀಕನಿಗೆ ಫೋನು ಮಾಡಿದ್ದ. ಮಾಲೀಕ ತುಂಬ ಮೆದುವಾಗಿ ಮಾತಾಡಿದ. ಯಂತ್ರದವರು ಮಾತ್ರ ತನ್ನ ಮಾತು ಕೇಳುವವರಲ್ಲ ಎಂದುಬಿಟ್ಟ.

ಅಳಿಯ ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುವವನು. ಏನೇ ಆದರೂ ಬರೆದಿಟ್ಟುಕೊಳ್ಳದೆ ಅವನಿಗೆ ನೆಮ್ಮದಿಯಿಲ್ಲ. ಮಾವನ ಜೊತೆ ಕೂತು ಶುರು ಮಾಡಿದ್ದ ಸಾಮಾನಿನ ಪಟ್ಟಿ ಅರ್ಧಕ್ಕೆ ನಿಂತಿತ್ತು. ಎಲ್ಲರೂ ಮೇಸ್ತ್ರಿಯನ್ನು ಮಸಣದಲ್ಲಿ ಬಿಟ್ಟು ಬಂದು, ಸ್ನಾನ ಮುಗಿಸಿ, ಅಲ್ಲಲ್ಲಿ ಕುಳಿತಿದ್ದಾಗ ಅವನು ಅದೇ ಹಾಳೆ ಹಿಡಿದು ಎದ್ದ. ಕುಳಿತವರು ಸಂಕೋಚದಿಂದ ಏಳಹೋದರೆ, ಏಳಬೇಡಿ, ಕುರ್ಚಿ ಮಾತ್ರ ನೋಡುತ್ತಿದ್ದೇನೆ ಎಂದು ತಾನೇ ಇನ್ನಷ್ಟು ಸಂಕೋಚಪಟ್ಟ.

"ನಿಮಗೆ ಬೇರೆ ಹೊತ್ತು ಸಿಗಲಿಲ್ವಾ?" ಎಂದಳು ಮಗಳು.

"ಬೇರೆ ಹೊತ್ತು ಎಲ್ಲಿದೆ, ನೀನೇ ಹೇಳು."

ಅವಳು ಮೂಗು ಸೀಟಿಕೊಂಡು, ಅಡುಗೆಮನೆಯ ಪಾತ್ರೆಗಳನ್ನು ತಾನೇ ಒಂದೊಂದಾಗಿ ಕೂಗಿ ಹೇಳತೊಡಗಿದಳು. ಅವನು ಬರೆದುಕೊಂಡ. ಕೊನೆಗೆ ಮಲಗುವ ಕೋಣೆಗೆ ಬಂದು ಅತ್ತೆಯ ಮುಂದೆ ನಿಂತ.

"ಅತ್ತೆ, ಕಪಾಟಿಗೆ ಏನು ಬರೀಲಿ?"

* * *

ಈ ಮಗಳಿಗೂ ಮುಂಚೆ ಒಂದು ಮಗು ಹುಟ್ಟಿ, ಉಳಿಯಲಿಲ್ಲ. ಆಗ ಮೇಸ್ತ್ರಿಯ ಹೆಂಡತಿ ಇದೇ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಕರೆದರೆ ಮಾತಿಲ್ಲ, ಬಡಿಸಿದರೆ ಊಟವಿಲ್ಲ. ಬಂದವರೆಲ್ಲ ಬುದ್ಧಿ ಹೇಳಿ ಹೋದರು. ಮೇಸ್ತ್ರಿಗೆ ಹೇಳಲು ಬರುತ್ತಿರಲಿಲ್ಲ. ಅವನು ಒಂದು ಸಂಜೆ ಹಲಗೆಗಳನ್ನು ತಂದು ಅವಳು ನೋಡುತ್ತಿದ್ದ ಗೋಡೆಗೇ ಒರಗಿಸಿ, ಕೆಲಸಕ್ಕೆ ಕುಳಿತ.

ದಿನವೂ ತನ್ನ ಮರಗೆಲಸದ ಅಂಗಡಿಯಿಂದ ಬಂದು ಕೀಸುತ್ತಿದ್ದ, ಕೊರೆಯುತ್ತಿದ್ದ. ಮರದ ಹೊಟ್ಟು ಹಾಸಿಗೆಯ ಮೇಲೆಲ್ಲ ಬೀಳುತ್ತಿತ್ತು. ಒಂದು ದಿನ ಅವಳು ಮಲಗಿದಲ್ಲಿಂದಲೇ, "ಆ ಮೂಲೆ ಸೊಟ್ಟ ಇದೆ," ಎಂದಳು.

ಮೂಲೆ ಸೊಟ್ಟವಿರಲಿಲ್ಲ. ಆದರೂ ಅವನು ಮರುಮಾತಾಡದೆ ಅದನ್ನು ಬಿಚ್ಚಿ ಮತ್ತೆ ಕೂಡಿಸಿದ. ಈಗ ಸರಿಯಾಯಿತೇ ಎಂದು ಕೇಳಿದ. ಸೀರೆಗೆ ಒಂದು ಖಾನೆ ಸಾಕೇ, ಹೊದಿಕೆಗೆ ಬೇರೆ ಬೇಕೇ ಎಂದು ಕೇಳಿದ. ಅವಳು ಬೇಕು ಎಂದಂತೆಲ್ಲ ಕಪಾಟು ಬೆಳೆಯುತ್ತ ಹೋಯಿತು. ಮುಗಿಯಿತು ಎನ್ನುವಷ್ಟರಲ್ಲಿ ಅವನಿಗೇ ಇನ್ನೊಂದು ಖಾನೆಯ ನೆಪ ಸಿಗುತ್ತಿತ್ತು.

ನೋಡಲು ಬಂದ ಮೊಳೆಯಣ್ಣ ಬಾಗಿಲನ್ನೂ ಕಪಾಟನ್ನೂ ಬದಲಿಸಿ ಬದಲಿಸಿ ನೋಡಿ, "ಅಲ್ಲಯ್ಯಾ, ಇದು ಹೊರಗೆ ಹೇಗೆ ಹೋಗುತ್ತೆ?" ಎಂದ.

"ಯಾಕೆ ಹೋಗಬೇಕು?" ಎಂದಿದ್ದ ಮೇಸ್ತ್ರಿ.

ಬಾಗಿಲು ಅಳೆಯದ ಬಡಗಿ ಎಂದು ಅಂಗಡಿಸಾಲಿನವರೆಲ್ಲ ಅವನನ್ನು ಕಾಡಿಸಿದರು. ಅವಳು ಆಗ ಎದ್ದು ಓಡಾಡುತ್ತಿದ್ದಳು, ಆ ತಮಾಷೆಗೆ ತಾನೂ ನಗುತ್ತಿದ್ದಳು.

* * *

ಕಪಾಟಿಗೆ ಒಂದೇ ಒಂದು ಮೊಳೆಯಿರಲಿಲ್ಲ. ಎಲ್ಲವೂ ಮರಕ್ಕೆ ಮರ ಕಚ್ಚಿಸಿ ಕೂಡಿಸಿದ್ದು. ಮನೆ ಬಿಡಬೇಕೆಂಬ ಸುದ್ದಿ ಬಂದಾಗ ಅವಳ ಮೊದಲ ಚಿಂತೆ ಅದರದ್ದೇ. ಮೇಸ್ತ್ರಿ ನಕ್ಕುಬಿಟ್ಟಿದ್ದ. ಎಲ್ಲೋ ಒಂದು ಬೆಣೆ ಇದೆ, ಅದೊಂದು ಬಂದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದಿದ್ದ. ಯಾವುದು, ಎಲ್ಲಿದೆ ಎಂದು ಕೇಳಿದ್ದಕ್ಕೆ, "ಅದು ನನಗೆ ಬಿಡು. ಬಿಚ್ಚೋ ದಿನ ತೋರಿಸ್ತೀನಿ," ಎಂದು ಚಹಾದ ಲೋಟ ಕೈಗೆತ್ತಿಕೊಂಡಿದ್ದ. ನಿನ್ನೆ ಬೆಳಿಗ್ಗೆ ಎಂದಿನಂತೆ ಚಹಾ ಮಾಡಿ ತಂದಾಗ ತೆಗೆದುಕೊಳ್ಳಲು ಅವನಿರಲಿಲ್ಲ.

ಮೊಳೆಯಣ್ಣ ಮಧ್ಯಾಹ್ನವೆಲ್ಲ ಹುಡುಕಿದ. ಬಟ್ಟೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಹಾಕಿಸಿ, ಒಳಗೆ ತಲೆ ತೂರಿಸಿ ಕೂತ. ಬೆರಳ ಗೆಣ್ಣಿನಿಂದ ತಟ್ಟಿದ, ಕಿವಿಯಿಟ್ಟು ಕೇಳಿದ, ಉಗುರಿನಿಂದ ಸಂದುಗಳನ್ನು ಕೆರೆದ. ಉಗುರು ಹೋಗುವಷ್ಟೂ ಸಂದು ಸಿಗಲಿಲ್ಲ.

"ಅಕ್ಕಾ, ಇದನ್ನ ಮಾಡೋವಾಗ ನೀವು ಇಲ್ಲೇ ಮಲಗಿದ್ದಿರಿ. ಕಣ್ಣಿಂದ ನೋಡಿದೀರಿ. ಸ್ವಲ್ಪ ಜ್ಞಾಪಿಸ್ಕೊಳ್ಳಿ."

ಅವಳು ಕಣ್ಣು ಮುಚ್ಚಿದಳು. ಉಳಿ ಹಿಡಿದ ಅವನ ಮೊಣಕೈ ಕಂಡಿತು. ಕೂದಲಲ್ಲಿ ಸಿಕ್ಕಿಕೊಂಡ ಮರದ ಸುರುಳಿ ಕಂಡಿತು. ಅಳತೆ ನೋಡುವಾಗ ನಾಲಿಗೆಯ ತುದಿ ಹೊರಗೆ ಹಾಕುತ್ತಿದ್ದುದು ಕಂಡಿತು. ಬೆಣೆ ಕಾಣಲಿಲ್ಲ. ಇನ್ನೂ ಬಿಗಿಯಾಗಿ ಮುಚ್ಚಿ ನೋಡಿದಳು. ಮತ್ತೆ ಅದೇ ಮೊಣಕೈ.

"ನಾನು ಮರ ನೋಡಲಿಲ್ಲಪ್ಪಾ," ಎಂದಳು.

ಕಿಟಕಿಯ ಬಿಸಿಲು ಇಳಿಯುತ್ತಿತ್ತು. ಮೊಳೆಯಣ್ಣ ಚೀಲದಿಂದ ಗರಗಸ ತೆಗೆದು, ಅದನ್ನು ನೆಲದ ಮೇಲಿಟ್ಟು, ದೂರ ಸರಿದು ಕುಳಿತ. "ನೀವು ಹೇಳದೆ ನಾನು ಮುಟ್ಟಲ್ಲ. ಕುಯ್ಯಬೇಕಾ, ಇಲ್ಲೇ ಬಿಟ್ಟುಹೋಗಬೇಕಾ?"

ಮರದ ವಿಷಯದಲ್ಲಿ ಅಲ್ಲಿಯವರೆಗೆ ಅವಳನ್ನು ಹಾಗೆ ಕೇಳಿದ್ದು ಮೇಸ್ತ್ರಿಯೊಬ್ಬನೇ. ಅವಳು ಮಗಳ ಮುಖ ನೋಡಿದಳು, ಅಳಿಯನ ಮುಖ ನೋಡಿದಳು. ಇಬ್ಬರೂ ನೆಲ ನೋಡುತ್ತಿದ್ದರು. ನಾದಿನಿ ಮಾತ್ರ ಮೆಲ್ಲಗೆ, "ಅತ್ತಿಗೆ, ಬಿಟ್ಟುಹೋದ್ರೆ ನಾಳೆ ಗೋಡೆ ಜೊತೆ ಪುಡಿಯಾಗುತ್ತೆ," ಎಂದಳು.

"ಕುಯ್ಯಿ," ಎಂದಳು ಮೇಸ್ತ್ರಿಯ ಹೆಂಡತಿ. "ಯಾರೋ ಒಡೆಯೋದಕ್ಕಿಂತ ನಿನ್ನ ಕೈಯಲ್ಲೇ ಆಗಲಿ."

ಅವನು ಎಡಪಕ್ಕದ ಹಲಗೆಯ ಮೇಲ್ತುದಿಗೆ ಗರಗಸ ಹಚ್ಚಿದ. ಸ್ವಲ್ಪ ದೂರ ಕಷ್ಟಪಟ್ಟು ಹೋಯಿತು. ಆಮೇಲೆ ಒಳಗೆಲ್ಲೋ ಲಟಕ್ಕೆಂದಿತು. ಅವನು ಕೈ ತೆಗೆದ. ಯಾರೂ ಮುಟ್ಟದಿದ್ದರೂ ಆ ಇಡೀ ಪಕ್ಕ ತಾನಾಗಿ ಸಡಿಲವಾಗಿ, ಸದ್ದಿಲ್ಲದೆ ಅವನ ಎದೆಗೆ ಬಂದು ಒರಗಿತು.

ಮೊಳೆಯಣ್ಣ ಅದನ್ನು ಅಪ್ಪಿಕೊಂಡಂತೆ ಹಿಡಿದು ನಿಂತ. ಬಳಿಕ ಕಚ್ಚಿನೊಳಗೆ ಬೆರಳು ಹಾಕಿ, ಗರಗಸಕ್ಕೆ ಸಿಕ್ಕಿ ಎರಡಾಗಿದ್ದ ಹೆಬ್ಬೆರಳಷ್ಟು ದಪ್ಪದ ಬೆಣೆಯನ್ನು ಹೊರತೆಗೆದ.

"ಇಷ್ಟೇ ಇತ್ತು ಅಕ್ಕಾ. ಒಳಗಿಂದ ಒತ್ತಿದ್ರೆ ಸಾಕಿತ್ತು."

ಮುಂದೆ ಗರಗಸ ಬೇಕಾಗಲಿಲ್ಲ. ಹಲಗೆಗಳು ಒಂದರ ಹಿಂದೊಂದು ಬಿಟ್ಟುಕೊಂಡು, ಒಬ್ಬೊಬ್ಬರ ಹೆಗಲೇರಿ, ಬಾಗಿಲು ದಾಟಿ ಹೋದವು. ಅಳಿಯ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು, ಹಲಗೆ ಎಂದು ಬರೆಯಬಹುದೇ ಎಂದು ಕೇಳಿದ. "ಬರಿಯಪ್ಪಾ, ಏನಾದ್ರೂ ಬರಿ," ಎಂದಳು ನಾದಿನಿ.

ಹಲಗೆಗಳಾದ ಮೇಲೆ ಮಂಚ ಹೊರಗೆ ಸಾಗಿಸಬೇಕಿತ್ತು. ಮಗಳು ಅದರ ಮೇಲಿದ್ದ ಬಟ್ಟೆಗಳನ್ನೆಲ್ಲ ಬಾಚಿ, ಒಂದು ನಿಮಿಷ ಹಿಡಿದಿರು ಎಂದು ತಾಯಿಯ ಕೈಗಿಟ್ಟು, ಮಂಚದ ಇನ್ನೊಂದು ತುದಿ ಎತ್ತಲು ಹೋದಳು. ಮಂಚವೂ ಹೊರಗೆ ಹೋಯಿತು. ಪೆಟ್ಟಿಗೆಗಳಿಗೆಲ್ಲ ಆಗಲೇ ಅಂಟುಪಟ್ಟಿ ಬಿದ್ದಿತ್ತು. ಮರದ ಹೊಟ್ಟು ಗುಡಿಸಿ ಯಾರೋ ಆಗಷ್ಟೇ ಒರೆಸಿದ ನೆಲ ಒದ್ದೆಯಾಗಿತ್ತು. ತನ್ನ ಸೀರೆಗಳು, ಅವುಗಳ ನಡುವೆ ನಡುವೆ ಅವನ ಅಂಗಿಗಳು, ಎಲ್ಲವನ್ನೂ ಎರಡು ತೋಳಲ್ಲಿ ತಬ್ಬಿ, ಜಾರದಂತೆ ಮೇಲಿನಿಂದ ಗದ್ದ ಒತ್ತಿಕೊಂಡು, ಅವಳು ಖಾಲಿ ಕೋಣೆಯ ನಡುವೆ ನಿಂತಿದ್ದಳು. ಎಲ್ಲಿಡಲಿ ಎಂದು ಈ ಗೋಡೆಯತ್ತ ತಿರುಗಿದಳು, ಆ ಗೋಡೆಯತ್ತ ತಿರುಗಿದಳು, ಮತ್ತೆ ಈ ಗೋಡೆಯತ್ತ ತಿರುಗಿದಳು.