ದೋಣಿಯ ತಳದ ಬಿಳಿ ಗಟ್ಟಿ

ನಮ್ಮೂರಿಗೂ ಕಾಫಿ ಎಸ್ಟೇಟಿಗೂ ನಡುವೆ ಭದ್ರಾ ಹೊಳೆ. ಸೇತುವೆ ಕೇಳಿ ಕೇಳಿ ಸಾಕಾಗಿದೆ. ಇರುವುದು ನಮ್ಮ ಮಹಿಳಾ ಸಂಘದ ಒಂದು ಹಳೆಯ ಕಬ್ಬಿಣದ ದೋಣಿ. ಅದನ್ನು ನಡೆಸುವವರು ಓಂಕಾರಪ್ಪನವರು.

2003ರ ಜೂನ್. ಕಾಫಿಗೆ ಗೊಬ್ಬರ ಹಾಕಿ ಎಂಟು ಹೆಂಗಸರು ಮನೆಗೆ ಹೊರಟಿದ್ದೆವು. ಹೊಳೆ ಕೆಂಪಗೆ ತುಂಬಿತ್ತು. ನಡುನೀರಿನಲ್ಲಿ ಓಂಕಾರಪ್ಪನವರ ಹೆಂಡತಿ ಸಿದ್ದಮ್ಮ ಕಾಲಡಿಯ ಗೋಣಿ ಎತ್ತಿ ನೋಡಿದಳು.

"ರೀ, ತಳದಿಂದ ನೀರು ಬರ್ತಾ ಇದೆ."

"ಮಳೆ ನೀರಿರ್ಬೇಕು ಕಣೆ."

"ಮಳೆ ನೀರು ಕೆಳಗಿಂದ ಉಕ್ಕುತ್ತಾ?"

ಹೆಬ್ಬೆರಳ ಗಾತ್ರದ ತೂತು. ಸಿದ್ದಮ್ಮ ಕಂಬಳಿಯ ತುದಿ ತುರುಕಿ ಹಿಮ್ಮಡಿಯಿಂದ ಒತ್ತಿ ಹಿಡಿದಳು. ನಾವು ಬುತ್ತಿ ಡಬ್ಬಿಗಳಲ್ಲಿ ನೀರು ಮೊಗೆದು ಚೆಲ್ಲಿದೆವು. ನಮ್ಮಲ್ಲಿ ಒಬ್ಬರಿಗೂ ಈಜು ಬಾರದು. ದಡ ಮುಟ್ಟುವಾಗ ನೀರು ಮೊಣಕಾಲಿಗೆ ಏರಿತ್ತು.

ಮರುದಿನ ದೋಣಿ ಮಗುಚಿ ಹಾಕಿದರು. ನೋಡಲು ಬಂದವರು ನಮ್ಮೂರಲ್ಲೇ ಇರುವ ಎಸ್ಟೇಟಿನ ಫಿಟ್ಟರ್ ಕೆಂಪಯ್ಯ, ಹಿಂದೆ ಕರಾವಳಿಯಲ್ಲಿ ದೋಣಿ ರಿಪೇರಿ ಮಾಡುತ್ತಿದ್ದವರು. ತಳಕ್ಕೆ ಇಟ್ಟಿಗೆಯಷ್ಟು ದೊಡ್ಡ ಬಿಳಿ ಲೋಹದ ಗಟ್ಟಿಯನ್ನು ಎರಡು ವರ್ಷದ ಹಿಂದೆ ಬಿಗಿದವರೂ ಅವರೇ. ಈಗ ಅದು ಕೆಂಪಗಿತ್ತು.

"ಓಂಕಾರಣ್ಣ, ಇದಕ್ಕೆ ಬಣ್ಣ ಬಳಿದೋರು ಯಾರು?"

"ನಾನೇ, ಹೋದ ವರ್ಷ. ಮಳೆಗೆ ಮುಂಚೆ ಎಸ್ಟೇಟಲ್ಲಿ ಗೇಟಿಂದ ಕಾಫಿ ಹಣ್ಣು ಸುಲಿಯೋ ಪಲ್ಪರ್‌ವರೆಗೆ ಎಲ್ಲಾ ಕಬ್ಬಿಣಕ್ಕೂ ತುಕ್ಕು ಹಿಡೀದಂಗೆ ರೆಡ್ ಆಕ್ಸೈಡ್ ಬಳಿತೀವಲ್ಲ. ಈ ಗಟ್ಟಿ ಸವೀತಾ ಇತ್ತು. ಹಾಳಾಗ್ಬಾರ್ದು ಅಂತ ಮೂರು ಕೋಟ್ ಹಾಕ್ದೆ."

"ಸವೀಲಿ ಅಂತ್ಲೇ ಅದನ್ನ ಹಾಕಿದ್ದು. ಕಲ್ಲಿಗೆ ಉಜ್ಜಿ ಬಣ್ಣ ಎದ್ದ ಕಡೆ ನೀರು ಕಬ್ಬಿಣ ತಿನ್ನುತ್ತೆ. ಈ ಮೆಗ್ನೀಸಿಯಂ ಅಂಟಿಕೊಂಡಿದ್ರೆ ಮೊದಲು ಇದೇ ಕರಗುತ್ತೆ, ಕಬ್ಬಿಣ ಉಳಿಯುತ್ತೆ. ಬಣ್ಣ ಮುಚ್ಚಿದ್ರೆ ನೀರು ಇದನ್ನ ಮುಟ್ಟೋದೇ ಇಲ್ಲ, ಕಬ್ಬಿಣಾನೇ ತಿನ್ನುತ್ತೆ."

"ತಾನೇ ಸವೆಯೋದು ದೋಣಿ ಕಾಯುತ್ತಾ? ಯಾರಿಗೆ ಹೇಳ್ತೀಯ ಮಾರಾಯ."

ಕೆಂಪಯ್ಯ ಅಲ್ಲೇ ದಡದ ಬಳಿ ಹೊಳೆಯೊಳಗಿದ್ದ ಎಸ್ಟೇಟ್ ಪಂಪಿನ ಕಬ್ಬಿಣದ ಜಾಲರಿ ಎಳೆದು ತಂದರು. ಅದಕ್ಕೂ ಅವರೇ ಬಿಗಿದಿದ್ದ, ಬಣ್ಣ ಬಳಿಯದ ಅಂಥದೇ ಗಟ್ಟಿ ಅರ್ಧ ಕರಗಿತ್ತು. ಓಂಕಾರಪ್ಪ ಸುತ್ತಿಗೆಯಿಂದ ಜಾಲರಿಗೆ ಬಡಿದರು. ಟಣ್ ಎಂದಿತು. ದೋಣಿಯ ತಳಕ್ಕೂ ಹಾಗೆಯೇ ಬಡಿದರು. ತುಕ್ಕು ಉದುರಿ ಸುತ್ತಿಗೆ ಒಳಗೇ ಹೋಯಿತು. ಅದು ಸಿದ್ದಮ್ಮ ದಿನವೂ ಕೂರುವ ಜಾಗ.

ಓಂಕಾರಪ್ಪ ಸುತ್ತಿಗೆ ಕೆಳಗಿಟ್ಟರು. "ನಿನ್ನ ಇದರ ಮೇಲೆ ಕೂರಿಸಿ ದಾಟಿಸ್ತಿದ್ದೆ" ಎಂದರು. ಹೆಂಡತಿಯ ಮುಖ ನೋಡಲು ಅವರಿಗೆ ಆಗಲಿಲ್ಲ. ನಮಗೂ ಅವರನ್ನು ಬಯ್ಯಲು ಮನಸ್ಸು ಬರಲಿಲ್ಲ.

ತಳಕ್ಕೆ ಹೊಸ ತಗಡು ಬೆಸೆದರು, ಬಣ್ಣ ಬಳಿದರು. ಗಟ್ಟಿಯ ಬಣ್ಣವನ್ನು ಓಂಕಾರಪ್ಪನವರೇ ಹೊಳೆಯುವವರೆಗೆ ಕೆರೆದು, ಬರಿಯ ಕಬ್ಬಿಣಕ್ಕೆ ತಾಗುವಂತೆ ಬಿಗಿದರು. ಈಗ ತಿಂಗಳಿಗೊಮ್ಮೆ ದೋಣಿ ದಡಕ್ಕೆ ಎಳೆದಾಗ ಸಿದ್ದಮ್ಮ ಕೇಳುತ್ತಾಳೆ, "ಸವೆದಿದೆಯಾ?" "ಸವೆದಿದೆ" ಎಂದ ಮೇಲೆಯೇ ಹತ್ತುತ್ತಾಳೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಳೆ ಹಿಡಿಯುವ ಮುಂಚೆ ನಿಮ್ಮ ಕಡವಿನ ಕಬ್ಬಿಣದ ದೋಣಿಯನ್ನೂ ಮಗುಚಿ ನೋಡಿ. ಕಬ್ಬಿಣಕ್ಕೆ ಬಣ್ಣ ಬಳಿಯಿರಿ, ಗಟ್ಟಿಗೆ ಬೇಡ. ಅರ್ಧ ಸವೆದಿದ್ದರೆ ಹೊಸದು ಹಾಕಿಸಿ. ಚೂರೂ ಸವೆದಿಲ್ಲವೆಂದರೆ, ತಳ ಬಡಿದು ನೋಡುವವರೆಗೆ ಆ ದೋಣಿಗೆ ಯಾರನ್ನೂ ಹತ್ತಿಸಬೇಡಿ.