ಬಿಚ್ಚಿ ನೋಡಿದ ಕಾರ್ಟ್ರಿಜ್

ಗಿರೀಶ ಸಿಡ್ನಿಯಿಂದ ಮೆಲ್ಬರ್ನಿನ ಟಾರ್ನೀಟ್‌ವರೆಗೆ ಬಂದದ್ದು ಒಂದು ಹಳೆಯ ವಿಡಿಯೋ ಗೇಮಿನ ಕಾರ್ಟ್ರಿಜ್‌ಗಾಗಿ. ಆಟ ತುಂಬಿದ ಆ ಪ್ಲಾಸ್ಟಿಕ್ ಪೆಟ್ಟಿಗೆ ವಿರುಪಾಕ್ಷನದು. ಹಳೆಯ ಗೇಮುಗಳ ಹುಚ್ಚು ಹತ್ತಿದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಇಬ್ಬರಿಗೂ ವರ್ಷಗಳ ಸ್ನೇಹ. ಮುಖ ನೋಡಿದ್ದು ಮಾತ್ರ ಇವತ್ತೇ, ವಿರುಪಾಕ್ಷನ ಮನೆಯಲ್ಲಿ. ವಿರುಪಾಕ್ಷ ಕತ್ತಿ ಹಿಡಿದ ನರಿಯ ಆಟವನ್ನು ಕೊಡುವುದು, ಬದಲಿಗೆ ಗಿರೀಶ ತನ್ನ ಅಪರೂಪದ ಡಿಸ್ಕ್ ಕೊಡುವುದು ಎಂದು ಮಾತಾಗಿತ್ತು.

ವಿರುಪಾಕ್ಷ ಡಿಸ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಅಂಚಿನಲ್ಲಿ ಕೂದಲೆಳೆಯಂಥ ಗೀರು. ಕನ್ಸೋಲಿಗೆ ಹಾಕಿದ, ಅದು ಗರಗರ ತಿರುಗಿ, ಕಾಯಿಸಿ ಕಾಯಿಸಿ ಆಟ ತೋರಿಸಿತು. "ಸಾಕು, ಚೆನ್ನಾಗಿದೆ," ಎಂದು ನಕ್ಕ.

ಡಿಸ್ಕಿನ ಗೀರಾದರೆ ಕಣ್ಣಿಗೆ ಕಾಣುತ್ತದೆ. ಕಾರ್ಟ್ರಿಜ್ಜಿನ ಪ್ಲಾಸ್ಟಿಕ್ಕಿನೊಳಗೆ ಇರುವುದು ಅಸಲಿಯೋ ನಕಲಿಯೋ ಬಿಚ್ಚಿದರೇ ಗೊತ್ತು.

"ಬೇಜಾರ್ ಮಾಡ್ಕೋಬೇಡಿ, ಒಂದ್ಸಲ ಓಪನ್ ಮಾಡಿ ನೋಡ್ಲಾ?" ಗಿರೀಶ ಚೀಲದಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದ.

ವಿರುಪಾಕ್ಷನ ನಗು ಆರಿತು. "ಮನೆಯಿಂದಲೇ ತಂದಿದೀರಾ?"

ಗಿರೀಶ ಹೌದೆಂದು ತಲೆಯಾಡಿಸಿದ.

"ನಾನು ಚಿಕ್ಕೋನಿದ್ದಾಗ ನಮ್ಮ ಸೋದರಮಾವ ಸಿಂಗಾಪುರದಿಂದ ತಂದ್ಕೊಟ್ಟಿದ್ದು. ದಾವಣಗೆರೇಲಿ ಆಗ ಯಾರ ಹತ್ರಾನೂ ಇರ್ಲಿಲ್ಲ." ವಿರುಪಾಕ್ಷ ಕಾರ್ಟ್ರಿಜ್ಜನ್ನು ಮುಂದೆ ತಳ್ಳಿದ. "ನೋಡಿ."

ಬೇಡ ಬಿಡಿ ಎನ್ನುವ ಮಾತು ಗಿರೀಶನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈ ಆಗಲೇ ಸ್ಕ್ರೂ ತಿರುಗಿಸುತ್ತಿತ್ತು. ಅಡುಗೆಮನೆಯಲ್ಲಿದ್ದ ವಿರುಪಾಕ್ಷನ ಹೆಂಡತಿ ನಿವೇದಿತಾ ಒಲೆ ಆರಿಸಿ ಬಾಗಿಲಿಗೆ ಬಂದು ನಿಂತಳು.

ಒಳಗೆ ಚಿಪ್‌ಗಳ ಸಾಲು ಇರಬೇಕಿತ್ತು. ಇದ್ದದ್ದು ಅಂಗೈಯಗಲದ ಹಸಿರು ಸರ್ಕ್ಯೂಟ್ ಹಲಗೆ, ಅದರ ಮೇಲೆ ಕಪ್ಪು ಅಂಟಿನ ಉಂಡೆ. ನಕಲಿ. ಬಾಯಿ ಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಗುಂಪಿನಲ್ಲಿ ಇಂಥ ಫೋಟೋಗಳನ್ನು ವಿರುಪಾಕ್ಷನೇ ಎಷ್ಟೋ ಸಲ ಹಾಕಿ ಎಲ್ಲರನ್ನೂ ಎಚ್ಚರಿಸಿದ್ದ.

"ನಿಮ್ಮ ಮಾವಂಗೂ ಗೊತ್ತಿರ್ಲಿಕ್ಕಿಲ್ಲ," ಎಂದಳು ನಿವೇದಿತಾ ಮೆಲ್ಲಗೆ.

"ನೀವೇ ಬಿಚ್ಚಿದ್ದು, ನೀವೇ ಮುಚ್ಚಿ," ಎಂದ ವಿರುಪಾಕ್ಷ.

ಗಿರೀಶ ಸ್ಕ್ರೂ ಬಿಗಿದು ಮುಚ್ಚಿ ಕೊಟ್ಟ. ವಿರುಪಾಕ್ಷ ಅದನ್ನು ಇನ್ನೊಂದು ಕನ್ಸೋಲಿಗೆ ತುರುಕಿ ಸ್ವಿಚ್ ಒತ್ತಿದ. ಟಿವಿ ಬೆಳ್ಳಗೇ ಉಳಿಯಿತು. ತೆಗೆದು ಮತ್ತೆ ಹಾಕಿದ. ಏನೂ ಇಲ್ಲ. ನಕಲಿಯೇ ಇರಲಿ, ಒಬ್ಬನ ಬಾಲ್ಯವನ್ನು ಕೆಡಿಸಿಬಿಟ್ಟೆನಲ್ಲ ಎಂದುಕೊಂಡ ಗಿರೀಶ. ಚೀಲದಲ್ಲಿದ್ದ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಕಾರ್ಟ್ರಿಜ್ಜಿನ ತಾಮ್ರದ ಹಲ್ಲುಗಳನ್ನು ತಾನೇ ಉಜ್ಜಿದ.

ಈ ಸಲ ಪರದೆ ಒಮ್ಮೆ ಮಿಣುಕಿತು. ಮರುಕ್ಷಣವೇ ನರಿ ಕತ್ತಿ ಎತ್ತಿ ನಿಂತಿತು.

ವಿರುಪಾಕ್ಷ ಡಿಸ್ಕನ್ನು ಡಬ್ಬಿಗೆ ಹಾಕಿ ಗಿರೀಶನ ಚೀಲದ ಪಕ್ಕದಲ್ಲಿಟ್ಟ.

"ನಿಮ್ದು ನೀವು ತಗೊಂಡ್ ಹೋಗಿ. ಇದನ್ನ ನಾನಿನ್ನು ಯಾರಿಗೂ ಕೊಡಲ್ಲ."

"ಸಾರಿ," ಎಂದ ಗಿರೀಶ.

"ನಿಮ್ಮ ಜಾಗದಲ್ಲಿದ್ರೆ ನಾನೂ ಬಿಚ್ತಿದ್ದೆ," ಎಂದ ವಿರುಪಾಕ್ಷ, ಅವನತ್ತ ನೋಡದೆ. "ಕೈ ತೊಳ್ಕೊಳಿ. ಊಟ ಆರಿ ಹೋಗ್ತಿದೆ."